ಯುದ್ಧದ ನಡುವೆ ಒಂದು ಕೊಲೆ: ಎಂಟು ಕ್ರೈಮ್ ಥ್ರಿಲ್ಲರ್‌ಗಳಲ್ಲಿ ನಿಮಗೆ ಯಾವುದು?

ಊರ ಮೇಲೆ ಬಾಂಬು ಬೀಳುತ್ತಿದೆ, ಗಂಟೆಗೊಂದು ಸಾವಿನ ಸುದ್ದಿ ಬರುತ್ತಿದೆ. ಅಂಥ ಹೊತ್ತಿನಲ್ಲಿ ಒಬ್ಬ ಅಂಚೆಯವನ ಕೊಲೆಯಾದರೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ಯುದ್ಧಕಾಲದ ಕ್ರೈಮ್ ಥ್ರಿಲ್ಲರ್‌ಗಳು ನಿಲ್ಲುವುದೂ ಬೀಳುವುದೂ ಈ ಪ್ರಶ್ನೆಯ ಮೇಲೆಯೇ. ಇದನ್ನು ಕೇಳಿಕೊಳ್ಳದ ಚಿತ್ರದಲ್ಲಿ ಯುದ್ಧ ಬರೀ ರಂಗಸಜ್ಜಿಕೆ. ಸಮವಸ್ತ್ರ, ಹಳೇ ಕಾರು, ಸೈರನ್ ಸದ್ದು ಇಷ್ಟನ್ನು ತೆಗೆದುಬಿಟ್ಟರೂ ಕಥೆಗೆ ಏನೂ ಆಗುವುದಿಲ್ಲ. ಅಂಥವನ್ನು ಈ ಪಟ್ಟಿಯಿಂದ ಹೊರಗಿಟ್ಟಿದ್ದೇವೆ.

ಆದ್ದರಿಂದ ನಟರ ಹೆಸರೋ ಅಂಕಗಳೋ ನೋಡಿ ಆರಿಸುವುದಕ್ಕಿಂತ, ಆ ಚಿತ್ರದಲ್ಲಿ ಯುದ್ಧ ಅಪರಾಧಕ್ಕೆ ಏನು ಮಾಡುತ್ತಿದೆ ಎಂದು ನೋಡಿ ಆರಿಸುವುದು ಮೇಲು. ಕೆಲವು ಚಿತ್ರಗಳಲ್ಲಿ ಯುದ್ಧ ಕೊಲೆಗಾರನಿಗೆ ಮರೆ ಒದಗಿಸುತ್ತದೆ. ಕೆಲವದರಲ್ಲಿ ಅದು ಕಳ್ಳನಿಗೆ ಮಾರುಕಟ್ಟೆ. ಇನ್ನು ಕೆಲವದರಲ್ಲಿ ಕಾನೂನೇ ತಲೆಕೆಳಗಾಗಿ, ನಿನ್ನೆಯ ಪೊಲೀಸ್ ಇಂದಿನ ಅಪರಾಧಿ ಆಗಿರುತ್ತಾನೆ. ನಿಮಗೆ ಈ ಮೂರರಲ್ಲಿ ಯಾವುದು ಬೇಕು ಎಂದು ಗೊತ್ತಾದರೆ ಅರ್ಧ ಆಯ್ಕೆ ಮುಗಿಯಿತು.

ಮೊದಲು ನಿಜ ಪ್ರಕರಣಗಳು, ಅಳತೆಗೋಲಿಗಾಗಿ

ಚಿತ್ರಕಥೆಗಾರರು ಉತ್ಪ್ರೇಕ್ಷೆ ಮಾಡುತ್ತಾರೆ ಅನ್ನಿಸಿದರೆ ಎರಡನೇ ಮಹಾಯುದ್ಧದ ಪೊಲೀಸ್ ಕಡತಗಳನ್ನು ನೆನೆಯಬೇಕು. ಬರ್ಲಿನ್ನಿನಲ್ಲಿ ವಿಮಾನದಾಳಿಯ ಭಯಕ್ಕೆ ದೀಪ ಆರಿಸಿದ ಲೋಕಲ್ ರೈಲುಗಳಲ್ಲೂ ರೈಲು ಮಾರ್ಗದ ಆಸುಪಾಸಿನಲ್ಲೂ 1940–41ರಲ್ಲಿ ಎಂಟು ಮಹಿಳೆಯರನ್ನು ಕೊಂದ ಪೌಲ್ ಒಗೊರ್ಸೊವ್ ರೈಲ್ವೆಯ ನೌಕರನೇ ಆಗಿದ್ದ. 1942ರ ಫೆಬ್ರುವರಿಯಲ್ಲಿ ಲಂಡನ್ನಿನ ಕತ್ತಲಲ್ಲಿ ಒಂದು ವಾರದೊಳಗೆ ನಾಲ್ವರನ್ನು ಕೊಂದ ವಾಯುಪಡೆಯ ಗಾರ್ಡನ್ ಕಮಿನ್ಸ್ ಸಿಕ್ಕಿಬಿದ್ದದ್ದು, ಬಿಟ್ಟುಹೋದ ಗ್ಯಾಸ್ ಮಾಸ್ಕ್ ಚೀಲದ ಮೇಲಿದ್ದ ತನ್ನದೇ ಸೇವಾ ಸಂಖ್ಯೆಯಿಂದ. ಅದೇ ಲಂಡನ್ನಿನಲ್ಲಿ ಹ್ಯಾರಿ ಡಾಬ್ಕಿನ್ ಹೆಂಡತಿಯನ್ನು ಕೊಂದು, ಬಾಂಬಿಗೆ ಬಿದ್ದ ಚ್ಯಾಪೆಲ್ಲಿನ ಕೆಳಗೆ ಹೂತಿಟ್ಟ. ಅವಶೇಷ ತೆಗೆಯುವವರಿಗೆ ಸಿಕ್ಕರೂ ದಾಳಿಯಲ್ಲಿ ಸತ್ತವಳೆಂದುಕೊಳ್ಳಲಿ ಎಂಬ ಲೆಕ್ಕ ಅದು. ದಂತವೈದ್ಯರ ದಾಖಲೆ ಆ ಲೆಕ್ಕವನ್ನು ಕೆಡಿಸಿತು. ಪ್ಯಾರಿಸ್‌ನ ವೈದ್ಯ ಮಾರ್ಸೆಲ್ ಪೆಟಿಯೊ, ನಾಜಿಗಳಿಂದ ತಪ್ಪಿಸಿಕೊಳ್ಳಲು ದಾರಿ ಮಾಡಿಕೊಡುತ್ತೇನೆಂದು ಜನರನ್ನು ಮನೆಗೆ ಕರೆಸಿ, ಕೊಂದು, ಅವರ ಗಂಟುಮೂಟೆ ಇಟ್ಟುಕೊಳ್ಳುತ್ತಿದ್ದ. 26 ಕೊಲೆಗಳು ಸಾಬೀತಾಗಿ 1946ರ ಮೇ 25ರಂದು ಅವನ ತಲೆ ಕಡಿಯಲಾಯಿತು.

ಕತ್ತಲು, ಸಮವಸ್ತ್ರ, ಕಲ್ಲಿನ ರಾಶಿ, ಓಡಿಹೋಗುವವರ ಅಸಹಾಯಕತೆ. ಕೆಳಗಿನ ಚಿತ್ರಗಳ ಸಾಮಾನು ಸರಂಜಾಮೆಲ್ಲ ಹೆಚ್ಚುಕಡಿಮೆ ಇಷ್ಟೇ. ಯಾರು ಎಷ್ಟು ಚೆನ್ನಾಗಿ ಬಳಸಿದ್ದಾರೆ ಎಂಬುದರಲ್ಲಿ ವ್ಯತ್ಯಾಸ.

ಯಾರು ಕೊಂದರು ಎಂಬ ಒಗಟೇ ಬೇಕೆನ್ನುವವರಿಗೆ

ಇಲ್ಲಿ ಎರಡು ಚಿತ್ರಗಳು ಎದುರುಬದುರು ನಿಲ್ಲುತ್ತವೆ: ‘ಗ್ರೀನ್ ಫಾರ್ ಡೇಂಜರ್’ (1946, ಸುಮಾರು 91 ನಿಮಿಷ) ಮತ್ತು ‘ದ ನೈಟ್ ಆಫ್ ದ ಜನರಲ್ಸ್’ (1967, 148 ನಿಮಿಷ).

ಸಿಡ್ನಿ ಗಿಲಿಯಟ್ ನಿರ್ದೇಶಿಸಿದ ಮೊದಲನೆಯದು 1944ರ ಇಂಗ್ಲೆಂಡಿನ ಹಳ್ಳಿಗಾಡಿನ ಒಂದು ಆಸ್ಪತ್ರೆಯಲ್ಲಿ ನಡೆಯುತ್ತದೆ. ಆ ಬೇಸಿಗೆ ಜರ್ಮನಿಯ ವಿ-1 ಹಾರುವ ಬಾಂಬುಗಳ ಕಾಲ. ವಿ-1ರ ಭಯ ಅದರ ಸದ್ದಿನಲ್ಲಿರಲಿಲ್ಲ, ಸದ್ದು ನಿಲ್ಲುವುದರಲ್ಲಿತ್ತು. ಎಂಜಿನ್ ಗೊರಗೊರ ಎನ್ನುತ್ತಿರುವಷ್ಟು ಹೊತ್ತು ಅದು ಮುಂದೆ ಹೋಗುತ್ತಿದೆ ಎಂದರ್ಥ. ಸದ್ದು ನಿಂತಿತೋ, ಕೆಲವೇ ಕ್ಷಣಗಳಲ್ಲಿ ಕೆಳಗೆ ಬೀಳುತ್ತದೆ. ಗಿಲಿಯಟ್ ಈ ಮೌನವನ್ನೇ ಸಸ್ಪೆನ್ಸ್‌ನ ಉಪಕರಣ ಮಾಡಿಕೊಂಡಿದ್ದಾರೆ. ಮಾತಿನ ಮಧ್ಯೆ ಎಲ್ಲರೂ ತಟ್ಟನೆ ಸುಮ್ಮನಾಗಿ ಮೇಲೆ ನೋಡುವ ಕಡೆಗಳಲ್ಲಿ ಮುಖಗಳನ್ನು ಗಮನಿಸಿ. ಅಲ್ಲಿ ಬಾಂಬಿಗಲ್ಲದೆ ಬೇರೆ ಯಾವುದಕ್ಕೋ ಹೆದರಿದವರಿದ್ದಾರೆ. ಬಾಂಬಿಗೆ ಗಾಯಗೊಂಡ ಅಂಚೆಯವನೊಬ್ಬ ಸಾಮಾನ್ಯ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಅರಿವಳಿಕೆಯಲ್ಲೇ ಸಾಯುತ್ತಾನೆ. ಇದು ಕೊಲೆ, ನನ್ನ ಬಳಿ ಸಾಕ್ಷಿ ಇದೆ ಎಂದು ನರ್ಸ್ ಒಬ್ಬಳು ಕುಣಿತದ ಪಾರ್ಟಿಯಲ್ಲಿ ಕೂಗಿ ಹೇಳುತ್ತಾಳೆ. ಹಾಗೆ ಹೇಳಿದವರಿಗೆ ಇಂಥ ಕಥೆಗಳಲ್ಲಿ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಈ ಚಿತ್ರ ಆಟವನ್ನು ನ್ಯಾಯವಾಗಿ ಆಡುತ್ತದೆ. ಶಸ್ತ್ರಚಿಕಿತ್ಸೆಯ ದೃಶ್ಯದಲ್ಲಿ ಅರಿವಳಿಕೆ ಯಂತ್ರ, ಸಿಲಿಂಡರುಗಳು, ಕೊಳವೆಗಳನ್ನು ಕ್ಯಾಮೆರಾ ಸಾವಧಾನವಾಗಿ ತೋರಿಸುತ್ತದೆ. ಎಲ್ಲ ಸುಳಿವೂ ಅಲ್ಲೇ ಇದೆ, ಶೀರ್ಷಿಕೆಯಲ್ಲೂ ಇದೆ. ಆ ಐದಾರು ನಿಮಿಷ ಮೊಬೈಲ್ ಕೆಳಗಿಡಿ. ಇನ್‌ಸ್ಪೆಕ್ಟರ್ ಆಗಿ ಅಲಸ್ಟರ್ ಸಿಮ್ ಬರುವುದು ತಡವಾಗಿ. ಬಂದ ಮೇಲೆ ಚಿತ್ರದ ಬಣ್ಣವೇ ಬದಲಾಗಿ ಕಿಡಿಗೇಡಿ ಹಾಸ್ಯ ಶುರುವಾಗುತ್ತದೆ. ಹಾಸ್ಯ ಕಂಡು ಇದು ಹಗುರ ಚಿತ್ರ ಎಂದುಕೊಂಡವರು ಕೊನೆಯಲ್ಲಿ ಕೊಲೆಯ ಕಾರಣ ಕೇಳಿದಾಗ ಬೆಚ್ಚುತ್ತಾರೆ. ಬಾಂಬ್ ದಾಳಿ ಇಲ್ಲದಿದ್ದರೆ ಆ ಕಾರಣವೇ ಹುಟ್ಟುತ್ತಿರಲಿಲ್ಲ.

‘ಜನರಲ್ಸ್’ ಒಗಟಾಗಿ ಇದರ ಹತ್ತಿರಕ್ಕೂ ಬರುವುದಿಲ್ಲ, ಪ್ರಶ್ನೆಯಾಗಿ ಮಾತ್ರ ಇದಕ್ಕಿಂತ ದೊಡ್ಡದು. 1942ರ ವಾರ್ಸಾದಲ್ಲಿ ಒಬ್ಬ ವೇಶ್ಯೆಯ ಕ್ರೂರ ಕೊಲೆ. ಶೌಚಾಲಯದೊಳಗೆ ಅಡಗಿದ್ದವನೊಬ್ಬ ಬಾಗಿಲ ಸಂದಿಯಿಂದ ಕಂಡದ್ದು ಷರಾಯಿಯ ಕೆಂಪು ಪಟ್ಟಿಯನ್ನು ಮಾತ್ರ, ಅಂದರೆ ಜರ್ಮನ್ ಜನರಲ್‌ನ ಸಮವಸ್ತ್ರವನ್ನು. ಆ ರಾತ್ರಿ ಎಲ್ಲಿದ್ದೆವೆಂದು ಹೇಳಲಾಗದ ಜನರಲ್‌ಗಳು ಮೂವರು. ಜರ್ಮನ್ ಗುಪ್ತಚರ ವಿಭಾಗದ ಮೇಜರ್ ಗ್ರೌ (ಒಮರ್ ಶರೀಫ್) ಈ ಒಂದು ಕೊಲೆಯ ಬೆನ್ನು ಬಿಡುವುದಿಲ್ಲ. ಸುತ್ತ ಇಡೀ ವಾರ್ಸಾದ ಬೀದಿಗಳು ಉರಿಯುತ್ತಿರುವಾಗ, ಉರಿಸುತ್ತಿರುವ ಸೇನೆಯೇ ತನ್ನದಾಗಿರುವಾಗ, ಒಬ್ಬಳ ಸಾವಿಗೆ ನ್ಯಾಯ ಕೇಳುವವನು ಸಂತನೋ ಮೂರ್ಖನೋ? ಕಥೆ ಅಲ್ಲಿಂದ 1944ರ ಪ್ಯಾರಿಸ್‌ಗೆ, ಹಿಟ್ಲರ್‌ನನ್ನು ಕೊಲ್ಲಲು ನಡೆದ ಜುಲೈ 20ರ ಸಂಚಿಗೆ, ಕೊನೆಗೆ 1965ರ ಹ್ಯಾಂಬರ್ಗ್‌ಗೆ ಜಿಗಿಯುತ್ತದೆ.

ಎಲ್ಲಿ ಸೋಲುತ್ತದೆ? ಜನರಲ್‌ಗಳಲ್ಲೊಬ್ಬನಾದ ಪೀಟರ್ ಓಟೂಲ್ ಮುಖ ಕಂಡ ಹತ್ತು ನಿಮಿಷಕ್ಕೆ ಅಪರಾಧಿ ಯಾರೆಂದು ಬಹುಪಾಲು ಪ್ರೇಕ್ಷಕರು ಊಹಿಸಿಬಿಡುತ್ತಾರೆ. ಮಧ್ಯದ ಪ್ರೇಮಪ್ರಸಂಗ ಉದ್ದವಾಯಿತು. ಜುಲೈ 20ರ ಸಂಚನ್ನು ತುರುಕಿದ್ದರಿಂದ ಒಂದು ಚಿತ್ರದೊಳಗೆ ಎರಡು ಚಿತ್ರ ಸಿಕ್ಕಿಕೊಂಡಂತಾಗಿದೆ. ಆದರೂ ಮೂವರು ಜನರಲ್‌ಗಳಿಗೂ ಬಚ್ಚಿಡಲು ಏನೋ ಇದೆ, ಎಲ್ಲರ ಗುಟ್ಟೂ ಕೊಲೆಯಲ್ಲ ಎನ್ನುವ ಹೆಣಿಗೆ ಚೆನ್ನ. ಒಗಟು ಬಿಡಿಸುವ ಖುಷಿ ಬೇಕಿದ್ದರೆ ‘ಗ್ರೀನ್’, ಒಗಟು ಬಿಡಿಸಿ ಏನು ಪ್ರಯೋಜನ ಎಂದು ಕೇಳುವ ಮನಸ್ಸಿದ್ದರೆ ‘ಜನರಲ್ಸ್’.

ಉರಿವ ಮನೆಯಲ್ಲಿ ಗಳ ಹಿರಿಯುವವರು

ಕಾಳಸಂತೆಯ ಚಿತ್ರಗಳಲ್ಲೂ ಎರಡು ಎತ್ತರದವು, ಎರಡೂ 1949ರವು: ಕ್ಯಾರಲ್ ರೀಡ್‌ರ ‘ದ ಥರ್ಡ್ ಮ್ಯಾನ್’ ಮತ್ತು ಅಕಿರ ಕುರೊಸಾವರ ‘ಸ್ಟ್ರೇ ಡಾಗ್’. ಕಟ್ಟುನಿಟ್ಟಾಗಿ ಹೇಳಿದರೆ ಎರಡೂ ಯುದ್ಧ ಮುಗಿದ ಮೇಲಿನ ಕಥೆಗಳು. ಗುಂಡಿನ ಸದ್ದು ನಿಂತಿದೆ, ಹಸಿವು ನಿಂತಿಲ್ಲ. ಯುದ್ಧ ನಡೆಯುತ್ತಿರಲೇಬೇಕು ಎನ್ನುವವರು ಈ ಭಾಗ ದಾಟಿ ಹೋಗಬಹುದು, ಆದರೆ ನಷ್ಟ ಅವರದು.

‘ಥರ್ಡ್ ಮ್ಯಾನ್’ನ ವಿಯೆನ್ನಾವನ್ನು ಅಮೆರಿಕ, ಬ್ರಿಟನ್, ಫ್ರಾನ್ಸ್, ಸೋವಿಯತ್ ಒಕ್ಕೂಟ ಹಂಚಿಕೊಂಡಿವೆ. ನಗರದ ಹೃದಯಭಾಗ ನಾಲ್ವರಿಗೂ ಸೇರಿದ್ದು. ಗಸ್ತಿನ ವಾಹನದಲ್ಲಿ ನಾಲ್ಕು ದೇಶದ ನಾಲ್ವರು, ಒಬ್ಬರ ಭಾಷೆ ಒಬ್ಬರಿಗೆ ಬಾರದು. ಒಂದು ವಲಯದಲ್ಲಿ ಕಳ್ಳತನ ಮಾಡಿ ಇನ್ನೊಂದಕ್ಕೆ ದಾಟಿದರೆ ಹಿಡಿಯುವವರಿಲ್ಲ, ನೆಲದಡಿಯ ಚರಂಡಿಗಳಿಗಂತೂ ವಲಯದ ಗಡಿಯೇ ಇಲ್ಲ. ಇಲ್ಲಿ ಮಾರಾಟವಾಗುವ ಮಾಲು ಪೆನಿಸಿಲಿನ್. ಅದು ದೊಡ್ಡ ಪ್ರಮಾಣದಲ್ಲಿ ತಯಾರಾಗತೊಡಗಿದ್ದೇ ಯುದ್ಧದ ನಡುವೆ, ಅದೂ ಮೊದಲು ಸೈನ್ಯಕ್ಕೆ. ಹಾಗಾಗಿ ಮಿಲಿಟರಿ ಆಸ್ಪತ್ರೆಯ ಕೆಲಸದವರು ಕದ್ದು ಹೊರಗೆ ಕೊಡುತ್ತಾರೆ, ನಡುವಿನವರು ಕಲಬೆರಕೆ ಮಾಡಿ ಹೆಚ್ಚಿಸುತ್ತಾರೆ. ಸತ್ವ ಕಳೆದುಕೊಂಡ ಔಷಧಿ ಚುಚ್ಚಿಸಿಕೊಂಡ ಮೆನಿಂಜೈಟಿಸ್ ಮಕ್ಕಳ ವಾರ್ಡಿನ ದೃಶ್ಯದಲ್ಲಿ ನಮಗೆ ಒಂದು ಮಗುವಿನ ಮುಖವನ್ನೂ ತೋರಿಸುವುದಿಲ್ಲ. ನೋಡುತ್ತಿರುವ ನಾಯಕನ ಮುಖ ಮಾತ್ರ ಕಾಣುತ್ತದೆ, ಅಷ್ಟೇ ಸಾಕು.

‘ಸ್ಟ್ರೇ ಡಾಗ್’ನಲ್ಲಿ (122 ನಿಮಿಷ) ಕಳುವಾಗುವುದು ಒಂದು ಕೋಲ್ಟ್ ಪಿಸ್ತೂಲು, ಅದೂ ಹೊಸ ಪತ್ತೇದಾರನ ಜೇಬಿನಿಂದ, ಕಿಕ್ಕಿರಿದ ಬಸ್ಸಿನಲ್ಲಿ. ಒಳಗೆ ಏಳು ಗುಂಡು. ಮುಂದಿನ ಪ್ರತಿ ಅಪರಾಧದಲ್ಲೂ ಆ ಲೆಕ್ಕ ಇಳಿಯುತ್ತಾ ಹೋಗುತ್ತದೆ, ಪ್ರೇಕ್ಷಕ ತಾನಾಗಿಯೇ ಎಣಿಸುತ್ತಾ ಕೂರುತ್ತಾನೆ. ಬಾಡಿಗೆಗೆ ಪಿಸ್ತೂಲು ಕೊಡುವ ಜಾಲದಲ್ಲಿ ಅಡಮಾನವಾಗಿ ಇಟ್ಟುಕೊಳ್ಳುವುದು ಹಣವನ್ನಲ್ಲ, ಅಕ್ಕಿಯ ಪಡಿತರ ಚೀಟಿಯನ್ನು. ಸೋತ ಜಪಾನಿನಲ್ಲಿ ಯಾವುದಕ್ಕೆ ಬೆಲೆಯಿತ್ತೆಂದು ಹೇಳಲು ಇದಕ್ಕಿಂತ ಚಿಕ್ಕ ದಾರಿ ಇಲ್ಲ. ಆ ಚೀಟಿಯ ಮೇಲಿನ ಹೆಸರೇ ಪೊಲೀಸರಿಗೆ ದಾರಿ ತೋರುವುದು. ಕಳ್ಳನೂ ಪೊಲೀಸನೂ ಇಬ್ಬರೂ ಯುದ್ಧದಿಂದ ವಾಪಸಾದ ಸೈನಿಕರು. ಬರುವ ದಾರಿಯಲ್ಲಿ ಇಬ್ಬರ ಚೀಲವೂ ಕಳುವಾಗಿದೆ. ಒಬ್ಬ ಕಾನೂನಿನ ಕಡೆ ತಿರುಗಿದ, ಇನ್ನೊಬ್ಬ ಆಚೆ ಕಡೆ.

ಜನ ಈ ಚಿತ್ರವನ್ನು ಅರ್ಧಕ್ಕೆ ಬಿಡುವುದು ಎಲ್ಲಿ ಎಂಬುದೂ ಗೊತ್ತಿರಲಿ. ಪತ್ತೇದಾರ ವೇಷ ಮರೆಸಿ ಟೋಕಿಯೊದ ಕಾಳಸಂತೆಯಲ್ಲಿ ಅಲೆಯುವ, ಬಹುತೇಕ ಮಾತಿಲ್ಲದ ದೀರ್ಘ ಭಾಗವೊಂದು ಮೊದಲರ್ಧದಲ್ಲಿದೆ. ಅದರ ಕೆಲವು ಚೂರುಗಳನ್ನು ನಿಜವಾದ ಸಂತೆಯಲ್ಲೇ ಕ್ಯಾಮೆರಾ ಅಡಗಿಸಿಟ್ಟು ತೆಗೆದದ್ದು. ಕಥೆ ನಿಂತಿದೆ ಎನ್ನಿಸುತ್ತದೆ, ಹೌದು. ಆದರೆ ಆ ಬೆವರು, ಆ ಸವೆದ ಬೂಟು, ಆ ನೋಟಗಳು ಇಲ್ಲದೆ ಕೊನೆಯ ಕೆಸರಿನ ಕಾದಾಟಕ್ಕೆ ತೂಕ ಬರುವುದಿಲ್ಲ.

ಎರಡರಲ್ಲಿ ಮೊದಲು ಯಾವುದು? ‘ಥರ್ಡ್ ಮ್ಯಾನ್’. ವೇಗವಾಗಿದೆ, ಹಾಸ್ಯವಿದೆ, ಆಂಟನ್ ಕರಾಸ್‌ರ ಝಿದರ್ ಎಂಬ ತಂತಿವಾದ್ಯ ಒಂದೇ ಇಡೀ ಚಿತ್ರವನ್ನು ಹೊತ್ತಿದೆ. ಕರುಣೆ ಬೇಕಾದ ದಿನ ‘ಸ್ಟ್ರೇ ಡಾಗ್’ ಹಾಕಿ.

ಯಾರು ಅಪರಾಧಿ ಎಂಬುದೇ ತಿರುಗುಮುರುಗಾದಾಗ

ಆಕ್ರಮಿತ ದೇಶದ ಕಥೆಗಳಿಗೆ ಬಂದರೆ ಹೋಲಿಕೆ ಕಷ್ಟ, ಏಕೆಂದರೆ ಮೂರೂ ಚಿತ್ರಗಳು ಮೂರು ದಿಕ್ಕು.

ಆನ್ರಿ ಜಾರ್ಜ್ ಕ್ಲೂಜೊರ ‘ಲ ಕೊರ್ಬೊ’ (1943, ಸುಮಾರು ಒಂದೂವರೆ ಗಂಟೆ) ಯುದ್ಧದ ನಡುವೆಯೇ, ಜರ್ಮನರ ಹಿಡಿತದ ಕಾಂಟಿನೆಂಟಲ್ ಫಿಲ್ಮ್ಸ್ ಕಂಪನಿಯಲ್ಲಿ ತಯಾರಾದದ್ದು. ತೆರೆಯ ಮೇಲೆ ಒಬ್ಬ ಜರ್ಮನ್ ಸೈನಿಕನೂ ಇಲ್ಲ. ಇರುವುದು ಒಂದು ಸಣ್ಣ ಊರು, ‘ಕಾಗೆ’ ಎಂದು ಸಹಿ ಹಾಕಿದ ಮೂಕರ್ಜಿಗಳು, ಪರಸ್ಪರ ಅನುಮಾನ. ಪತ್ರ ಓದಿದ ರೋಗಿಯೊಬ್ಬ ಕತ್ತು ಕೊಯ್ದುಕೊಳ್ಳುತ್ತಾನೆ. ಆಕ್ರಮಣದ ದಿನಗಳಲ್ಲಿ ನೆರೆಯವರ ಮೇಲೆ ಅಧಿಕಾರಿಗಳಿಗೆ ಚಾಡಿಪತ್ರ ಬರೆಯುವುದು ಫ್ರಾನ್ಸ್‌ನಲ್ಲಿ ಪಿಡುಗಾಗಿತ್ತು. ಆಗಿನ ಪ್ರೇಕ್ಷಕರಿಗೆ ವಿವರಣೆ ಬೇಕಿರಲಿಲ್ಲ. ಬಲಪಂಥದವರೂ ಜರ್ಮನರ ವಿರುದ್ಧ ಗುಟ್ಟಾಗಿ ಹೋರಾಡುತ್ತಿದ್ದ ಪ್ರತಿರೋಧ ಪಡೆಯವರೂ ಒಟ್ಟಿಗೆ ಬೈದ ಅಪರೂಪದ ಚಿತ್ರ ಇದು. ಫ್ರಾನ್ಸ್ ವಿಮೋಚನೆಗೊಂಡ ನಂತರ ಕ್ಲೂಜೊಗೆ ಚಿತ್ರ ಮಾಡಬಾರದೆಂದು ನಿಷೇಧ ಬಿತ್ತು, 1947ರವರೆಗೆ ಅವರು ಮತ್ತೆ ಚಿತ್ರ ಮಾಡಲಾಗಲಿಲ್ಲ. ತೂಗಾಡುವ ದೀಪದ ಕೆಳಗೆ ಇಬ್ಬರು ವೈದ್ಯರು ಒಳಿತು ಕೆಡುಕಿನ ಗಡಿ ಎಲ್ಲಿ ಎಂದು ಮಾತಾಡುವ ದೃಶ್ಯಕ್ಕಾಗಿಯಾದರೂ ನೋಡಬೇಕು.

ಜ್ಯಾಂ ಪಿಯೆರ್ ಮೆಲ್ವಿಲ್‌ರ ‘ಆರ್ಮಿ ಆಫ್ ಶ್ಯಾಡೋಸ್’ (1969, 145 ನಿಮಿಷ) ಕ್ರೈಮ್ ಚಿತ್ರವೇ ಅಲ್ಲ ಎನ್ನುವವರಿದ್ದಾರೆ. ಅಡಗುತಾಣ, ಸುಳ್ಳು ಗುರುತಿನ ಚೀಟಿ, ಕಾರಿನಲ್ಲಿ ಕಾಯುವ ನಾಲ್ವರು, ದ್ರೋಹಿಗೆ ಮರಣದಂಡನೆ: ಇವೆಲ್ಲ ಗ್ಯಾಂಗ್‌ಸ್ಟರ್ ಚಿತ್ರದ ಅಂಗಗಳೇ. ಈ ಗ್ಯಾಂಗ್ ಮಾತ್ರ ದೇಶಕ್ಕಾಗಿ ಹೋರಾಡುವವರದು. ಮೆಲ್ವಿಲ್ ಸ್ವತಃ ಪ್ರತಿರೋಧ ಪಡೆಯಲ್ಲಿದ್ದವರು, ಹಾಗಾಗಿ ವೀರಾವೇಶಕ್ಕೆ ಜಾಗ ಕೊಟ್ಟಿಲ್ಲ. ಮಾರ್ಸೇಯಲ್ಲಿ ಮಾಹಿತಿ ಕೊಟ್ಟ ಹುಡುಗನೊಬ್ಬನನ್ನು ಕೊಲ್ಲಲು ಬಾಡಿಗೆ ಮನೆಗೆ ಕರೆತರುತ್ತಾರೆ. ಪಕ್ಕದ ಮನೆಗೆ ಹೊಸದಾಗಿ ಜನ ಬಂದಿದ್ದಾರೆ, ಪಿಸ್ತೂಲು ಹಾರಿಸುವಂತಿಲ್ಲ. ಇವರ್ಯಾರಿಗೂ ಕೊಂದು ಗೊತ್ತಿಲ್ಲ. ಹುಡುಗನ ಎದುರೇ ಹೇಗೆ ಕೊಲ್ಲುವುದೆಂದು ಪಿಸುಮಾತಲ್ಲಿ ಚರ್ಚೆ. ಕೊನೆಗೆ ಒಂದು ಟವೆಲ್. ಈ ದೃಶ್ಯ ತಡೆದುಕೊಳ್ಳಬಲ್ಲಿರಾದರೆ ಉಳಿದದ್ದನ್ನೂ ನೋಡಬಲ್ಲಿರಿ.

ಪೌಲ್ ವರ್ಹೂವನ್‌ರ ಡಚ್ ಚಿತ್ರ ‘ಬ್ಲ್ಯಾಕ್ ಬುಕ್’ (2006, ಇದೂ 145 ನಿಮಿಷ) ಸ್ವಭಾವದಲ್ಲಿ ಪೂರಾ ವಿರುದ್ಧ. ಹತ್ತು ನಿಮಿಷಕ್ಕೊಂದು ತಿರುವು. ತಪ್ಪಿಸಿಕೊಳ್ಳಲು ದೋಣಿ ಹತ್ತಿದ ಯಹೂದಿ ಕುಟುಂಬಗಳ ಮೇಲೆ ಗುಂಡಿನ ದಾಳಿ, ಹೆಣಗಳ ಮೈಮೇಲಿನ ಒಡವೆ ಲೂಟಿ. ಬದುಕುಳಿದ ಗಾಯಕಿಯೊಬ್ಬಳಿಗೆ ಒಳಗಿನವರೇ ಯಾರೋ ಮಾರಿಕೊಂಡರು ಎಂದು ಗೊತ್ತಾಗುತ್ತದೆ. ಪೆಟಿಯೊನ ಪ್ರಕರಣ ನೆನಪಾದರೆ ಸರಿಯಾಗಿಯೇ ಇದೆ. ಇದರ ಜಾಣತನವೆಂದರೆ 1945ರ ಮೇ ತಿಂಗಳ ವಿಮೋಚನೆಯಲ್ಲಿ ಕಥೆ ನಿಲ್ಲದಿರುವುದು. ಗೆದ್ದವರ ಕ್ರೌರ್ಯವನ್ನೂ ಅದು ಲೆಕ್ಕಕ್ಕೆ ಹಿಡಿಯುತ್ತದೆ. ಶರಣಾದ ಜರ್ಮನ್ ಸೇನೆ ತನ್ನವರಿಗೇ ವಿಧಿಸಿದ ಮರಣದಂಡನೆಯನ್ನು ಕೆನಡಾ ಸೇನೆ ನಡೆಯಗೊಡುವ ಪ್ರಸಂಗ ಕಂಡು ಇದು ಅತಿಯಾಯಿತು ಎಂದುಕೊಳ್ಳಬೇಡಿ. 1945ರ ಮೇ 13ರಂದು, ಯುದ್ಧ ಮುಗಿದ ಮೇಲೆ, ಸೇನೆ ತೊರೆದು ಓಡಿಹೋಗಿದ್ದ ಇಬ್ಬರು ಜರ್ಮನ್ ಸೈನಿಕರನ್ನು ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಹೀಗೆಯೇ ಕೊಲ್ಲಲಾಯಿತು, ಬಂದೂಕು ಕೊಟ್ಟದ್ದು ಕೆನಡಾದವರು. ಅತಿ ಅನ್ನಿಸಬೇಕಾದದ್ದು ಕಾಕತಾಳೀಯಗಳು. ಅವು ನಿಜಕ್ಕೂ ಹೆಚ್ಚು.

ಕೆಲಸ ಮುಗಿಸಿ ಸುಸ್ತಾಗಿ ಕೂತ ಸಂಜೆಗೆ ‘ಬ್ಲ್ಯಾಕ್ ಬುಕ್’, ನಿದ್ದೆ ಕೆಟ್ಟರೂ ಪರವಾಗಿಲ್ಲ ಎನ್ನುವ ದಿನಕ್ಕೆ ‘ಶ್ಯಾಡೋಸ್’. ‘ಕೊರ್ಬೊ’ ಮತ್ತು ‘ಶ್ಯಾಡೋಸ್’ ಎರಡನ್ನೂ ವಾರದೊಳಗೆ ನೋಡುವುದಾದರೆ ಕಾಲಕ್ರಮದಲ್ಲೇ ನೋಡಿ. ಬಾಯಿ ಬಿಡಲಾಗದ ಕಾಲದಲ್ಲಿ ಮಾಡಿದ್ದು ಮೊದಲು, ಬಿಡಬಹುದಾದ ಕಾಲದಲ್ಲೂ ಮಾತು ಕಡಿಮೆ ಮಾಡಿದ್ದು ಆಮೇಲೆ.

ಹಿಂದಿಯಲ್ಲಿ ಬೇಕೆಂದರೆ ದಿಬಾಕರ್ ಬ್ಯಾನರ್ಜಿಯವರ ‘ಡಿಟೆಕ್ಟಿವ್ ಬ್ಯೋಮಕೇಶ್ ಬಕ್ಷಿ!’ (2015) ಇದೆ. ಜಪಾನಿ ವಿಮಾನಗಳು 1942ರ ಡಿಸೆಂಬರ್‌ನಲ್ಲಿ ನಿಜವಾಗಿಯೇ ಕಲ್ಕತ್ತಾಕ್ಕೆ ಬಾಂಬು ಹಾಕಿದ್ದವು. ಆ ಭೀತಿಯ ನಗರದಲ್ಲಿ ಕಾಣೆಯಾದ ರಸಾಯನಶಾಸ್ತ್ರಜ್ಞನ ಹುಡುಕಾಟ. ಟ್ರಾಮ್, ಬೋರ್ಡಿಂಗ್ ಮನೆ, ಅಫೀಮಿನ ಜಾಲ ಎಲ್ಲ ಕಣ್ಣಿಗೆ ಹಬ್ಬ. ಕಾಲಕ್ಕೆ ಹೊಂದದ ರಾಕ್ ಸಂಗೀತ ಕೆಲವರಿಗೆ ರುಚಿಸದು, ಕೊನೆಯ ರಕ್ತಪಾತ ಅನೇಕರಿಗೆ ರುಚಿಸದು.

ಪ್ರಿಂಟ್ ಆರಿಸುವಾಗ ಎಡವುವ ಕಡೆಗಳು

‘ಥರ್ಡ್ ಮ್ಯಾನ್’ ಎರಡು ರೂಪದಲ್ಲಿದೆ. ಬ್ರಿಟಿಷ್ ಆವೃತ್ತಿ 104 ನಿಮಿಷ, ಶುರುವಿನ ನಿರೂಪಣೆ ಕ್ಯಾರಲ್ ರೀಡ್‌ರದೇ ತುಂಟ ಧ್ವನಿ. ಅಮೆರಿಕದ ಆವೃತ್ತಿ ಸುಮಾರು 93 ನಿಮಿಷ, ನಿರೂಪಣೆ ನಾಯಕ ಜೋಸೆಫ್ ಕಾಟನ್‌ರದು. ಕತ್ತರಿ ಬಿದ್ದದ್ದು ನಾಯಕನ ಪೆದ್ದುತನ ತೋರುವ ಕಡೆಗಳಿಗೇ, ಹಾಗಾಗಿ 104ರದನ್ನೇ ಹುಡುಕಿ. ಅವಧಿ 100 ನಿಮಿಷ ಎಂದಿದ್ದರೆ ಗಾಬರಿ ಬೇಡ. ಸೆಕೆಂಡಿಗೆ 24 ಚೌಕಟ್ಟಿನ (ಫ್ರೇಮ್) ಚಿತ್ರವನ್ನು ಪಾಲ್ (PAL) ಎಂಬ ಪ್ರಸಾರ ಪದ್ಧತಿಯ ಟಿವಿಗೆ 25ರಲ್ಲಿ ಓಡಿಸಿದರೆ ಅವಧಿ ಶೇಕಡಾ 4ರಷ್ಟು ಕುಗ್ಗುತ್ತದೆ, ದೃಶ್ಯ ಯಾವುದೂ ಕಳೆದಿರುವುದಿಲ್ಲ. 145 ನಿಮಿಷದ ‘ಶ್ಯಾಡೋಸ್’ ಅದೇ ಕಾರಣಕ್ಕೆ 139 ಆಗಿ ಕಾಣುತ್ತದೆ. ನಷ್ಟವಾಗುವುದು ಸಂಗೀತದ ಶ್ರುತಿ: ಝಿದರ್ ಅರ್ಧ ಸ್ವರಕ್ಕಿಂತ ತುಸು ಕಡಿಮೆ ಮೇಲೇರಿ ಕೇಳುತ್ತದೆ, ಕಿವಿ ಸೂಕ್ಷ್ಮವಿದ್ದವರಿಗೆ ಕಿರಿಕಿರಿ.

1940ರ ದಶಕದ ನಾಲ್ಕೂ ಚಿತ್ರಗಳು ಹೆಚ್ಚುಕಡಿಮೆ ಚೌಕಾಕಾರದವು (1.37:1). ಟಿವಿಯಲ್ಲಿ ಎರಡು ಪಕ್ಕದಲ್ಲೂ ಕಪ್ಪು ಪಟ್ಟಿ ಬರಬೇಕು. ಪರದೆ ತುಂಬಲೆಂದು ಜೂಮ್ ಒತ್ತಿದರೆ ಮೇಲೂ ಕೆಳಗೂ ಕತ್ತರಿಸಿಹೋಗುತ್ತದೆ. ಕ್ಯಾಮೆರಾವನ್ನೇ ಓರೆ ಹಿಡಿದು ತೆಗೆದ ‘ಥರ್ಡ್ ಮ್ಯಾನ್’ನಲ್ಲಿ ಇದರಿಂದ ತಲೆಗಳೇ ಮಾಯ. ಬದಲಿಗೆ ಎಳೆದು ಹಿಗ್ಗಿಸಿದರೆ ಎಲ್ಲರ ಮುಖವೂ ಊದಿಕೊಳ್ಳುತ್ತದೆ. ‘ಶ್ಯಾಡೋಸ್’ಗೆ ಸಮಸ್ಯೆ ಬೇರೆ. ಅದರ ಬಣ್ಣ ಬೇಕೆಂದೇ ನೀಲಿ ಬೂದು, ಟಿವಿಯ ‘ವಿವಿಡ್’ ಸೆಟ್ಟಿಂಗ್ ಅದನ್ನು ಮದುವೆ ವಿಡಿಯೊ ಮಾಡಿಬಿಡುತ್ತದೆ.

‘ಬ್ಲ್ಯಾಕ್ ಬುಕ್’ ಅನ್ನು ಡಬ್ ಆದದ್ದರಲ್ಲಿ ನೋಡಬೇಡಿ. ಡಚ್, ಜರ್ಮನ್, ಇಂಗ್ಲಿಷ್, ಹೀಬ್ರೂ ನಡುವೆ ನಾಯಕಿ ಜಿಗಿಯುವುದೇ ಅವಳ ಜೀವರಕ್ಷಣೆ. ಎಲ್ಲರೂ ಒಂದೇ ಭಾಷೆ ಆಡಿದರೆ ಯಾರು ಯಾರನ್ನು ಏಮಾರಿಸುತ್ತಿದ್ದಾರೆ ಎಂಬುದೇ ತಿಳಿಯದು. ನಗ್ನತೆ, ಹಿಂಸೆ ಎರಡೂ ಧಾರಾಳ, ಮಕ್ಕಳ ಜೊತೆ ಕೂರುವ ಚಿತ್ರವಲ್ಲ. ಮನೆಮಂದಿಯೆಲ್ಲ ಕೂರುವುದಾದರೆ ಎಂಟರಲ್ಲಿ ‘ಗ್ರೀನ್ ಫಾರ್ ಡೇಂಜರ್’ ಒಂದೇ ನಿಶ್ಚಿಂತೆಯದು.

ಇನ್ನೊಂದು ಮಾತು ‘ಥರ್ಡ್ ಮ್ಯಾನ್’ ಬಗ್ಗೆ. ಮೊದಲ ಬಾರಿ ನೋಡುವವರು ಅದರ ಪೋಸ್ಟರ್, ಟ್ರೈಲರ್, ವೇದಿಕೆಗಳು ತೋರಿಸುವ ಪುಟ್ಟ ಚಿತ್ರ ಯಾವುದನ್ನೂ ನೋಡದೆ ನೇರ ಪ್ಲೇ ಒತ್ತಿ. ಒಂದು ಗಂಟೆ ಬಚ್ಚಿಟ್ಟುಕೊಂಡು ಬಂದ ತಿರುವನ್ನು ಅವೆಲ್ಲ ಬಾಗಿಲಲ್ಲೇ ನಿಂತು ಹೇಳಿಬಿಡುತ್ತವೆ.